ಮೊದಲು ಇಸವಿ, ಆಮೇಲೆ ದೆವ್ವ: ಬೆಂಗಳೂರಿನ ರಾತ್ರಿ ನಡಿಗೆಯಲ್ಲಿ ನನ್ನ ಅನುಭವ

ಬಿಳಿ ಸೀರೆಯ ವೇಷಧಾರಿ ಇಲ್ಲದೆ, ಸ್ಪೀಕರಿನಲ್ಲಿ ಗೆಜ್ಜೆ ಸದ್ದು ಹಾಕದೆ, ಬರೀ ನಡೆದದ್ದನ್ನು ಹೇಳಿ ಜನರ ಮೈ ಜುಂ ಅನ್ನಿಸಬಹುದು ಅಂದಾಗ ಜನರನ್ನು ಕರೆದುಕೊಂಡು ಹೋಗಿ ಕಥೆ ಹೇಳುತ್ತ ಊರು ತೋರಿಸುವ ನಮ್ಮ ನಡಿಗೆ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಇಸವಿ ಹೇಳೋಕೆ ಶುರು ಮಾಡಿದ್ರೆ ಜನ ಆಕಳಿಸ್ತಾರೆ" ಅಂದರು. "ದೆವ್ವಕ್ಕೆ ದುಡ್ಡು ಕೊಟ್ಟವರಿಗೆ ದೆವ್ವಾನೇ ಬೇಕು, ಪಾಠ ಅಲ್ಲ" ಅಂತ ಹಿರಿಯರೊಬ್ಬರು ಎಲ್ಲರ ಎದುರೇ ಹೇಳಿದರು. ಅದಾಗಿ ಎರಡು ವರ್ಷದ ಮೇಲಾಯಿತು. ಈಗ ನನ್ನ ಶನಿವಾರದ ಬ್ಯಾಚು ಬುಧವಾರದ ಹೊತ್ತಿಗೇ ತುಂಬಿರುತ್ತದೆ. ಅದೇ ಹಿರಿಯರು ಮೊನ್ನೆ ತಮ್ಮ ಮಗಳು ಅಳಿಯನನ್ನು ನನ್ನ ನಡಿಗೆಗೆ ಕಳಿಸಿಕೊಟ್ಟರು. ತುಂಬ ಜನ ಫೋನ್ ಮಾಡಿ ಹೇಗೆ ಮಾಡ್ತೀರಿ ಅಂತ ಕೇಳುತ್ತಿದ್ದಾರೆ. ಒಂದೇ ಸಲ ಬರೆದುಬಿಡೋಣ ಅನ್ನಿಸಿತು. ನೀವೂ ಈ ಕೆಲಸದಲ್ಲೇ ಇರುವವರು. ಟಾರ್ಚು, ಮೈಕು, ಅನುಮತಿ ಪತ್ರ ಇವನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ದುಡ್ಡು ಹೋದ ಕಥೆ. ಎಲ್ಲರ ಹಾಗೆ ನಾನೂ ವೇಷದಿಂದಲೇ ಶುರು ಮಾಡಿದ್ದು. ಹವ್ಯಾಸಿ ನಾಟಕದ ಇಬ್ಬರು ಹುಡುಗರು, ರಾತ್ರಿಗೆ ತಲಾ 1,200 ರೂಪಾಯಿ. ಮೇಕಪ್ಪಿನವರಿಗೆ 800. ಸೀರೆ, ವಿಗ್ಗು, ಆಟೋ ಬಾಡಿಗೆ ಎಲ್ಲ ಬೇರೆ. ಟಿಕೆಟ್ಟು ಆಗ 400 ಇತ್ತು. ಹತ್ತು ಜನ ಬಂದರೆ ಕೈಗೆ ಹತ್ತುತ್ತಿದ್ದುದು ಚಿಲ್ಲರೆ. ಅದೂ ಹೋಗಲಿ, ವೇಷ ಕಂಡ ತಕ್ಷಣ ಜನ ಒಂದು ಸಲ ಕಿರುಚುತ್ತಿದ್ದರು, ಆಮೇಲೆ ನಗುತ್ತಿದ್ದರು, ಆಮೇಲೆ ಸೆಲ್ಫಿ. ಅಲ್ಲಿಗೆ ಭಯ ಮುಗಿಯಿತು. ಮುಂದಿನ ಒಂದೂವರೆ ಗಂಟೆ ಏನು ಹೇಳಿದರೂ ಯಾರ ಕಿವಿಗೂ ಹೋಗುತ್ತಿರಲಿಲ್ಲ. ಅಪಾಯ ಬೇರೆ. 2019ರ ನವೆಂಬರಿನಲ್ಲಿ ಯಶವಂತಪುರದ ಕಡೆ ದೆವ್ವದ ವೇಷ ಹಾಕಿಕೊಂಡು ರಾತ್ರಿ ಜನರನ್ನು ಹೆದರಿಸಿ ವಿಡಿಯೋ ಮಾಡುತ್ತಿದ್ದ ಹುಡುಗರನ್ನು ಪೊಲೀಸರು ಹಿಡಿದದ್ದು ನಿಮಗೆ ನೆನಪಿರಬೇಕು. ದಾರಿಹೋಕನಿಗೆ ಎದೆ ಹಿಡಿದುಕೊಂಡರೆ ಯಾರು ಗತಿ? ಬೈಕಿನವನು ಗಾಬರಿಯಾಗಿ ಬಿದ್ದರೆ?

ವೇಷದ ಜೊತೆಗೆ ಮೀಟರೂ ಬಂತು. ಆನ್‌ಲೈನಿನಲ್ಲಿ "ದೆವ್ವ ಹಿಡಿಯುವ ಮೀಟರ್" ಅಂತ ಸಿಗುತ್ತದಲ್ಲ, ಅದೇ. ಎರಡೂವರೆ ಸಾವಿರವೋ ಮೂರು ಸಾವಿರವೋ ಕೊಟ್ಟೆ. ಅದು ಹಿಡಿಯುವುದು ಕರೆಂಟಿನ ಸುತ್ತ ಇರುವ ಕಾಂತಕ್ಷೇತ್ರವನ್ನು. ಕೆ.ಆರ್. ಮಾರ್ಕೆಟ್ಟಿನ ಸುತ್ತ ತಲೆ ಮೇಲೂ ಕರೆಂಟು, ಕಾಲ ಕೆಳಗೂ ಕರೆಂಟು. ಟ್ರಾನ್ಸ್‌ಫಾರ್ಮರ್ ಹತ್ತಿರ ಹೋದರೆ ಎಲ್ಲ ದೀಪ ಒಟ್ಟಿಗೇ ಉರಿಯುತ್ತಿದ್ದವು. ಬಂದವರಲ್ಲಿ ಇಂಜಿನಿಯರುಗಳೇ ಜಾಸ್ತಿ, ಅವರಿಗೆ ತಿಳಿಯುವುದಿಲ್ಲವಾ? ಎರಡು ಮೂರು ವಾರಕ್ಕೆ ಅದನ್ನು ಪೆಟ್ಟಿಗೆಗೆ ಹಾಕಿದೆ. ಇದೆಲ್ಲ ಸೇರಿ ಮೊದಲ ವರ್ಷ ಒಟ್ಟು 70–80 ಸಾವಿರ ಕೈಬಿಟ್ಟಿತು.

ತಿರುವು ಸಿಕ್ಕಿದ್ದು ಮಾರ್ಕೆಟ್ಟಿನ ಪಕ್ಕದ ಬೆಂಗಳೂರು ಕೋಟೆ ಹತ್ತಿರ. ದಿಲ್ಲಿ ಬಾಗಿಲ ಬಳಿ ಗೋಡೆಯಲ್ಲಿರುವ ಫಲಕ ನೀವು ನೋಡಿರುತ್ತೀರಿ. ಬ್ರಿಟಿಷರ ದಾಳಿ ಇದೇ ಬಿರುಕಿನ ಮೂಲಕ ನಡೆಯಿತು ಅಂತ ಬರೆದು 1791ರ ಮಾರ್ಚ್ 21 ಎಂದು ಹಾಕಿದ್ದಾರೆ. ನಾವೆಲ್ಲ ಅದನ್ನು ಹಗಲು ನಡಿಗೆಯಲ್ಲಿ ಅರ್ಧ ನಿಮಿಷದಲ್ಲಿ ಮುಗಿಸುತ್ತೇವೆ. ಒಂದು ರಾತ್ರಿ ವೇಷದ ಹುಡುಗರು ಬಂದಿರಲಿಲ್ಲ. ಬಂದವರನ್ನು ವಾಪಸ್ ಕಳಿಸುವುದು ಹೇಗೆ? ಬೇರೆ ದಾರಿ ಇರಲಿಲ್ಲ, ಆ ರಾತ್ರಿಯ ಕಥೆಯನ್ನು ಪೂರ್ತಿ ಹೇಳಿದೆ. ಮಾರ್ಚ್ 7ಕ್ಕೆ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ, ಅಂದರೆ ಕೋಟೆ ಪಕ್ಕದ ಹಳೇ ಊರಿಗೆ, ನುಗ್ಗಿದ್ದು. ಬಾಗಿಲ ಹತ್ತಿರವೇ ಅವರ ಕರ್ನಲ್ ಮೂರ್‌ಹೌಸ್ ಗುಂಡು ತಿಂದು ಸತ್ತದ್ದು. ಆಮೇಲೆ ಎರಡು ವಾರ ಕೋಟೆ ಗೋಡೆಗೆ ಫಿರಂಗಿ ಹೊಡೆದದ್ದು. ಟಿಪ್ಪುವಿನ ಸೈನ್ಯ ಹತ್ತಿರವೇ ಇದ್ದೂ ಕೋಟೆಯನ್ನು ಉಳಿಸಲಾಗದೆ ಹೋದದ್ದು. 21ನೇ ತಾರೀಕು ರಾತ್ರಿ ಸುಮಾರು 11 ಗಂಟೆಗೆ, ಬೆಳದಿಂಗಳಲ್ಲಿ, ಬಿರುಕಿನಿಂದ ಹತ್ತಿದ್ದು. ಕೋಟೆ ಕಾಯುವ ಹೊಣೆಯ ಕಿಲ್ಲೇದಾರ ಬಹಾದ್ದೂರ್ ಖಾನ್ ವಯಸ್ಸಾದ ಮನುಷ್ಯ, ಜಾಗ ಬಿಟ್ಟು ಕದಲಲಿಲ್ಲ, ಹೋರಾಡುತ್ತಲೇ ಸತ್ತ. ಒಳಗೆ ಸತ್ತವರು ಸಾವಿರಕ್ಕೂ ಮೇಲೆ. ಹೇಳಿ ಮುಗಿಸಿ, "ನೀವು ನಿಂತಿರುವುದು ಅದೇ ಬಿರುಕಿನ ಎದುರು, ಈಗ ಗಂಟೆ ಹತ್ತೂಮುಕ್ಕಾಲು" ಅಂದೆ. ಒಬ್ಬ ಹುಡುಗ ಗೋಡೆಗೆ ಒರಗಿಕೊಂಡು ನಿಂತಿದ್ದ. ಮೆಲ್ಲಗೆ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಯಾರೂ ನಗಲಿಲ್ಲ. ಯಾರೂ ಮೊಬೈಲ್ ತೆಗೆಯಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ. ದೆವ್ವದ ಕಥೆಗೆ ಒಂದು ಸಾವು ಬೇಕು, ಆ ಸಾವಿಗೆ ಜಾಗ ಬೇಕು, ತಾರೀಕು ಬೇಕು. ಅದನ್ನು ಮೊದಲು ಕೊಟ್ಟುಬಿಡಬೇಕು. ಆಮೇಲೆ ದೆವ್ವವನ್ನು ಒಂದೇ ವಾಕ್ಯದಲ್ಲಿ ಹೇಳಿದರೂ ಸಾಕು, ಉಳಿದದ್ದನ್ನು ಕೇಳುವವರ ತಲೆಯೇ ಮಾಡಿಕೊಳ್ಳುತ್ತದೆ. ನಾವು ಇಷ್ಟು ದಿನ ತಿರುಗಾಮುರುಗಾ ಮಾಡುತ್ತಿದ್ದೆವು. ದೆವ್ವ ಮೊದಲು, ಇತಿಹಾಸ ಕೊನೆಯಲ್ಲಿ, ಊಟ ಆದ ಮೇಲೆ ಕೊಡುವ ಮಾತ್ರೆಯ ಹಾಗೆ.

ಇನ್ನು ಹೊತ್ತು. ಹನ್ನೆರಡು ಗಂಟೆ ಅಂದರೆ ಜನಕ್ಕೆ ಆಸೆ, ಆದರೆ ಆ ಭಾಗದಲ್ಲಿ ನಡುರಾತ್ರಿ ಅಂದರೆ ಲಾರಿ. ತರಕಾರಿ ಇಳಿಸುವವರು, ಕೂಗಾಟ, ಹಾರನ್ನು. ಬೆಳಗಿನ ಜಾವಕ್ಕೆ ಹೂವಿನ ವ್ಯಾಪಾರ ಶುರುವಾಗಿಬಿಡುತ್ತದೆ, ಮಲ್ಲಿಗೆ ಸೇವಂತಿಗೆ ರಾಶಿಯ ನಡುವೆ ಯಾರಿಗೆ ಭಯ ಆಗುತ್ತದೆ? ಅಂಗಡಿ ಬಾಗಿಲು ಹಾಕಿ, ಲಾರಿ ಇನ್ನೂ ಬಂದಿರದ ಒಂದು ಹೊತ್ತಿದೆ. ಅದನ್ನು ಕಂಡುಹಿಡಿಯಲು ನಾನು ವಾರಗಟ್ಟಲೆ ಒಬ್ಬನೇ ಅಲ್ಲಿ ಅಲೆದಿದ್ದೇನೆ. ಯಾವ ವಾರ ಯಾವ ಹೊತ್ತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಅದು ನನ್ನ ಅನ್ನ. ಇಷ್ಟು ಹೇಳಬಲ್ಲೆ: ಅಮಾವಾಸ್ಯೆಗೆ ಬುಕಿಂಗ್ ಜಾಸ್ತಿ ಬರುತ್ತದೆ, ಆದರೆ ಕೋಟೆಯ ಕಥೆ ಕೂರುವುದು ಹುಣ್ಣಿಮೆಯ ಆಸುಪಾಸು. ಬೆಳಕಿನಲ್ಲೇ ಅಲ್ವಾ ಅವರು ಹತ್ತಿದ್ದು.

ದಾರಿ ಹೀಗೆ. ಹಡ್ಸನ್ ವೃತ್ತದಲ್ಲಿ ಸೇರುತ್ತೇವೆ. ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರ ನೆನಪಿಗೆ ನಿಲ್ಲಿಸಿದ್ದ ಎತ್ತರದ ಕಂಬ ಇದ್ದದ್ದು ಅಲ್ಲೇ. 1964ರ ಅಕ್ಟೋಬರಿನಲ್ಲಿ ಅದನ್ನು ಕೆಡವಿದರು. ನೃಪತುಂಗ ರಸ್ತೆಗೆ ಮೊದಲು ಆ ಕಂಬದ್ದೇ ಹೆಸರು, ಸೆನೊಟಾಫ್ ರೋಡ್. ಇಲ್ಲಿ ದೆವ್ವದ ಮಾತೇ ಎತ್ತುವುದಿಲ್ಲ. ನೋಡಲು ಏನೂ ಇಲ್ಲದ ಜಾಗದಿಂದ ಶುರು ಮಾಡಿದರೆ ಜನ ಕಿವಿ ಕೊಡಲು ಕಲಿಯುತ್ತಾರೆ. ಅಲ್ಲಿಂದ ಹಲಸೂರು ಗೇಟ್ ಕಡೆ ಪೇಟೆ ಬಾಗಿಲ ಕಾಳಗ, ಆಮೇಲೆ ಕೋಟೆ, ಆಮೇಲೆ ವಿಕ್ಟೋರಿಯಾ ಆಸ್ಪತ್ರೆಯ ಹೊರಗೆ ಸ್ವಲ್ಪ ದೂರ, ಕೊನೆಗೆ ಪೇಟೆಯ ಒಂದು ಓಣಿ. ಒಟ್ಟು ಎರಡೂವರೆ ಮೂರು ಕಿಲೋಮೀಟರ್ ಇರಬಹುದು.

ಕೋಟೆ ಹತ್ತಿರ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಕೆಲವರು ದಿಲ್ಲಿ ಬಾಗಿಲ ಎದುರು ನಿಂತು ಕೆಂಪೇಗೌಡರ ಸೊಸೆಯ ಬಲಿದಾನದ ಕಥೆ ಹೇಳುತ್ತಾರೆ. ಬಾಗಿಲು ಎಷ್ಟು ಕಟ್ಟಿದರೂ ಬೀಳುತ್ತಿತ್ತು, ಬಸುರಿ ಸೊಸೆ ರಾತ್ರಿ ಯಾರಿಗೂ ಹೇಳದೆ ಬಂದು ಪ್ರಾಣ ಕೊಟ್ಟಳು ಅನ್ನುವ ಕಥೆ. ಆ ಕಥೆ ಇರುವುದು ಕೆಂಪೇಗೌಡರ ಮಣ್ಣಿನ ಕೋಟೆಯ ದಕ್ಷಿಣದ ಬಾಗಿಲಿಗೆ. ಈಗ ನಿಂತಿರುವುದು ಹೈದರಾಲಿ ಕಾಲದಲ್ಲಿ ಕಲ್ಲಿನಿಂದ ಕಟ್ಟಿಸಿದ ಕೋಟೆಯ ಉತ್ತರದ ಬಾಗಿಲು. ಕಾಲವೂ ಬೇರೆ, ದಿಕ್ಕೂ ಬೇರೆ. ಆ ತಾಯಿಯ ಗುಡಿ ಕೋರಮಂಗಲದಲ್ಲಿದೆ, ಇವತ್ತಿಗೂ ಜನ ಕೈ ಮುಗಿಯುತ್ತಾರೆ. ದೇವರಾಗಿ ನಿಂತವಳನ್ನು ದೆವ್ವದ ಪಟ್ಟಿಗೆ ಸೇರಿಸುವುದು ನನಗೆ ಒಪ್ಪಿಗೆ ಇಲ್ಲ. ನನ್ನ ನಡಿಗೆಯಲ್ಲಿ ಆ ಕಥೆ ಇಲ್ಲ.

ವಿಕ್ಟೋರಿಯಾದ ವಿಷಯಕ್ಕೆ ಬರೋಣ. ಊರಲ್ಲಿ ಓಡಾಡುವ ಕಥೆ ಎಲ್ಲರಿಗೂ ಗೊತ್ತು: ಆವರಣದ ಮರದಲ್ಲಿ ಬಿಳಿ ಆಕೃತಿ ಇದೆ, ರಾತ್ರಿ ಊಟದ ಪೊಟ್ಟಣ ಹಿಡಿದು ಹೋದರೆ ಪೊಟ್ಟಣ ಮಾಯವಾಗುತ್ತದೆ ಅಂತ. ಇದನ್ನು ಗೇಟಿನ ಹತ್ತಿರ ಹೇಳಲೇಬೇಡಿ. ರೋಗಿಗಳ ಕಡೆಯವರು ಅಲ್ಲೇ ಚಾಪೆ ಹಾಸಿಕೊಂಡು ಮಲಗಿರುತ್ತಾರೆ. ಒಳಗೆ ಮಗು ಇರುತ್ತದೆ, ಗಂಡ ಇರುತ್ತಾನೆ. ಅವರ ಕಿವಿಗೆ ನಮ್ಮ ಕಥೆ ಬೀಳಬಾರದು. ನಾನು ಹೇಳುವುದು ಇನ್ನೂರು ಮುನ್ನೂರು ಅಡಿ ದೂರದಲ್ಲಿ, ತಳ್ಳುಗಾಡಿಯ ಪಕ್ಕ. ಮೊದಲು ಎಲ್ಲರ ಕೈಗೂ ಬಿಸಿ ಬಿಸಿ ಇಡ್ಲಿ ಪೊಟ್ಟಣ ಕೊಡಿಸುತ್ತೇನೆ, "ಈಗ ಬಿಚ್ಚಬೇಡಿ, ಮುಂದೆ ಕೂತು ತಿನ್ನೋಣ" ಅನ್ನುತ್ತೇನೆ. ಆಮೇಲೆ ಆಸ್ಪತ್ರೆಯ ಕಥೆ: 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದ್ದು, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಬಂದು ತೆರೆದದ್ದು, ನಡುವೆ 1898ರಲ್ಲಿ ಊರಿಗೆ ಪ್ಲೇಗ್ ನುಗ್ಗಿದ್ದು. ದೆವ್ವವನ್ನು ಕೊನೆಯಲ್ಲಿ ಎರಡೇ ಮಾತಿನಲ್ಲಿ ಹೇಳುತ್ತೇನೆ. ಪೊಟ್ಟಣ ಹಿಡಿದ ಕೈಗಳನ್ನೇ ನೋಡುತ್ತಿರಿ ಆಗ. ಒಬ್ಬೊಬ್ಬರಾಗಿ ಎದೆಗೆ ಒತ್ತಿಕೊಳ್ಳುತ್ತಾರೆ, ಮಗುವಿಗೆ ಹೊದಿಸಿದ ಬಟ್ಟೆಯನ್ನು ಸರಿಮಾಡುವ ಹಾಗೆ. ತಲೆಗೆ 40 ರೂಪಾಯಿ ಖರ್ಚು, ವೇಷಕ್ಕಿಂತ ಹತ್ತು ಪಾಲು ಕೆಲಸ ಮಾಡುತ್ತದೆ. ಇದನ್ನು ನೀವು ಧಾರಾಳವಾಗಿ ಬಳಸಿಕೊಳ್ಳಿ.

ಈಗ ಪ್ಲೇಗು. ಬೆಂಗಳೂರಿನ ಭಯಾನಕ ಚರಿತ್ರೆ ಅಂದರೆ ನನ್ನ ಲೆಕ್ಕದಲ್ಲಿ ಇದೇ, ಬೇರೆ ಯಾವುದೂ ಹತ್ತಿರ ಬರುವುದಿಲ್ಲ. 1898ರ ಆಗಸ್ಟ್. ಹುಬ್ಬಳ್ಳಿ ಕಡೆಯಿಂದ ರೈಲಿನ ಜೊತೆ ಬಂತು. ಪೇಟೆಯ ಇಕ್ಕಟ್ಟು ಮನೆಗಳಲ್ಲಿ ಮೊದಲು ಇಲಿ ಬಿದ್ದವು, ಆಮೇಲೆ ಮನುಷ್ಯರು. ಪ್ಲೇಗ್ ಕಮಿಷನರ್ ಆಗಿ ವಿ.ಪಿ. ಮಾಧವರಾಯರು ಬಂದರು. ಕೆಲಸದ ಅನುಕೂಲಕ್ಕೆ ಊರಿಗೆ ಟೆಲಿಫೋನು ತಂತಿ ಎಳೆದದ್ದು ಈ ಗಲಾಟೆಯಲ್ಲೇ. ಜನ ಮನೆ ಬಿಟ್ಟು ಬಯಲಿಗೆ ಓಡಿ ಗುಡಿಸಲು ಹಾಕಿಕೊಂಡರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಭರ್ತಿಯಾದದ್ದು ಆಮೇಲೆ. 1891ರ ಜನಗಣತಿಯಲ್ಲಿ ಪೇಟೆ, ದಂಡು (ಬ್ರಿಟಿಷರ ಕಂಟೋನ್ಮೆಂಟ್) ಸೇರಿ 1 ಲಕ್ಷ 80 ಸಾವಿರದಷ್ಟು ಜನ ಇದ್ದರು. 1901ಕ್ಕೆ ಅದು 1 ಲಕ್ಷ 59 ಸಾವಿರ. ಬೆಳೆಯುತ್ತಿದ್ದ ಊರು ಹತ್ತು ವರ್ಷದಲ್ಲಿ ಸಣ್ಣದಾಯಿತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಇವೆ, ಪೂಜೆಯೂ ನಡೆಯುತ್ತಿದೆ.

ಈ ಅಂಕಿಗಳನ್ನು ಓಣಿಯಲ್ಲಿ ಹೇಳುವ ರೀತಿಗೆ ನನಗೆ ಗುರು ಒಬ್ಬರು ಅಜ್ಜಿ. ಪೇಟೆಯಲ್ಲೇ ಹುಟ್ಟಿ ಪೇಟೆಯಲ್ಲೇ ಸೊಸೆಯಾದವರು. ಅವರ ಅತ್ತೆ ಹೇಳುತ್ತಿದ್ದರಂತೆ: ಬೆಳಗ್ಗೆ ಎದ್ದು ಮೊದಲು ಅಟ್ಟದ ಕೆಳಗೆ ನೋಡಬೇಕು, ಇಲಿ ಬಿದ್ದಿದ್ದರೆ ಒಲೆ ಹಚ್ಚಬಾರದು, ಅಕ್ಕಿ ಗಂಟು ಕಟ್ಟಿಕೊಂಡು ಹೊರಡಬೇಕು. ಬಾಗಿಲು ಹಾಕುವಾಗ ಹಿಂದೆ ತಿರುಗಬಾರದು. "ಒಳಗೆ ಯಾರಾದ್ರೂ ಉಳಿದಿದ್ರೆ?" ಅಂತ ನಾನು ಕೇಳಿದೆ. ಅಜ್ಜಿ ಉತ್ತರ ಕೊಡಲಿಲ್ಲ, "ಕಾಫಿ ಕುಡಿತೀಯೇನಪ್ಪಾ" ಅಂದರು. ಈ ಸಂಭಾಷಣೆಯನ್ನು ನಾನು ಹಾಗೇ ಹೇಳುತ್ತೇನೆ, ಒಂದು ಅಕ್ಷರ ಸೇರಿಸದೆ.

ಅದಾದ ಮೇಲೆ, ಅದೇ ಓಣಿಯಲ್ಲಿ, ಒಂದು ಹಳೇ ಮರದ ಬಾಗಿಲ ಎದುರು "ನಾಳೆ ಬಾ". ಬಾಗಿಲು ಯಾವುದು ಅಂತ ಕೇಳಬೇಡಿ, ಮನೆಯವರಿಗೆ ಮಾತು ಕೊಟ್ಟಿದ್ದೇನೆ. ತೊಂಬತ್ತರ ದಶಕದ ಆ ಗುಲ್ಲು ನಿಮಗೆಲ್ಲ ಗೊತ್ತು. ಹೆಣ್ಣು ದೆವ್ವವೊಂದು ರಾತ್ರಿ ಬಂದು ಮನೆಯವರ ದನಿಯಲ್ಲೇ ಕೂಗುತ್ತಾಳೆ, ಬಾಗಿಲು ತೆಗೆದರೆ ಮುಗೀತು, ಗೋಡೆ ಮೇಲೆ "ನಾಳೆ ಬಾ" ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತಾಳೆ, ನಾಳೆ ಮತ್ತೆ ಅದನ್ನೇ ಓದುತ್ತಾಳೆ. ರಾತ್ರಿ ಒಂದೇ ಸಲ ಕೂಗಿದರೆ ಓಗೊಡಬೇಡ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಿದ್ದರಲ್ಲ, ಅದರದ್ದೇ ಮುಂದಿನ ಕಥೆ. ಬರೀ ಇದನ್ನೇ ಹೇಳಿದರೆ ಇವತ್ತಿನ ಹುಡುಗರು ನಕ್ಕುಬಿಡುತ್ತಾರೆ. ಹಿಂದಿ ಸಿನಿಮಾದಲ್ಲಿ ನೋಡಿಬಿಟ್ಟಿದ್ದೇವೆ ಅನ್ನುತ್ತಾರೆ. ಪ್ಲೇಗು ಕೇಳಿದ ಮೇಲೆ ನಗುವುದಿಲ್ಲ. ನೂರು ಚಿಲ್ಲರೆ ವರ್ಷದ ಹಿಂದೆ ಇದೇ ಬಾಗಿಲುಗಳ ಮುಂದೆ ಸಾವು ಬಂದು ನಿಂತಿತ್ತು, ಒಳಗಿನವರು ಚಿಲಕ ಹಾಕಿಕೊಂಡು ಕೂತಿದ್ದರು. ಆ ಭಯ ಈ ಊರಿಂದ ಪೂರ್ತಿ ಹೋಗಿರಲಿಲ್ಲ, ತೊಂಬತ್ತರಲ್ಲಿ ಹೆಂಗಸಿನ ರೂಪದಲ್ಲಿ ಮತ್ತೆ ಬಂತು ಅನ್ನುವುದು ನನ್ನ ನಂಬಿಕೆ. ಹೀಗೆ ಹೇಳಿದ ಮೇಲೆ ಗುಂಪಿನಲ್ಲಿ ನಲವತ್ತು ದಾಟಿದವರು ಯಾರಾದರೂ ತಾವಾಗೇ ಮಾತು ಶುರು ಮಾಡುತ್ತಾರೆ. ನಮ್ಮಮ್ಮ ಇದ್ದಿಲಲ್ಲಿ ಬರೆದಿದ್ದರು, ನಾನು ಸೀಮೆಸುಣ್ಣದಲ್ಲಿ ಬರೆದು ಮಳೆಗೆ ಅಳಿಸಿಹೋಯಿತು ಅಂತ ರಾತ್ರಿಯೆಲ್ಲ ಅತ್ತಿದ್ದೆ, ಅಂತ. ಆಗ ನಾನು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತೇನೆ. ಅದಕ್ಕೋಸ್ಕರ ಪ್ರತಿ ಬ್ಯಾಚಿನಲ್ಲಿ ಆ ವಯಸ್ಸಿನವರು ಇಬ್ಬರಾದರೂ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಬೇಕಾದರೆ ಅವರಿಗೆ ಟಿಕೆಟ್ಟಿನಲ್ಲಿ ನೂರು ಬಿಡುತ್ತೇನೆ.

ಕೆಲವು ಜಾಗಗಳಿಗೆ ನಾನು ಕರೆದುಕೊಂಡು ಹೋಗುವುದಿಲ್ಲ. ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿದ್ದ, ದೆವ್ವದ ಮನೆ ಅಂತ ಹೆಸರಾದ ಆ ಬಂಗಲೆ ಕೇಳದವರಿಲ್ಲ. ಅಲ್ಲಿ ಕೊಲೆಯಾದದ್ದು 2002ರಲ್ಲಿ. ಬಂಗಲೆ ಕೆಡವಿ ಆಯಿತು, ಇನ್ನೂ ಜನ ಅದನ್ನೇ ಕೇಳುತ್ತಾರೆ. 1981ರ ಫೆಬ್ರವರಿಯಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೇ ಜಾಸ್ತಿ. ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಈ ಊರಲ್ಲೇ ಇದ್ದಾರೆ. ಆ ಸಾವುಗಳನ್ನು ಟಿಕೆಟ್ಟಿಗೆ ಮಾರುವುದು ತಪ್ಪು, ಅಷ್ಟೇ. ಸತ್ತವರನ್ನು ನೋಡಿದವರು ಬದುಕಿರುವ ತನಕ ಅದು ನಮ್ಮ ಸರಕಲ್ಲ. ಈ ಒಂದು ನಿಯಮದಿಂದ ಕಾರ್ಪೊರೇಟ್ ಬುಕಿಂಗ್ ಒಂದೆರಡು ಕೈತಪ್ಪಿದವು, 25–30 ಸಾವಿರದ್ದು. ಹೋಗಲಿ ಬಿಡಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಹೆಡ್‌ಫೋನ್ ಕೊಟ್ಟು ಕಥೆ ಕೇಳಿಸಿದೆ. ಬಾಡಿಗೆಯೇ ರಾತ್ರಿಗೆ ಎರಡು ಸಾವಿರ ಆಯಿತು, ಅದೂ ಸಾಲದೆ ಕಿವಿ ಮುಚ್ಚಿಕೊಂಡವರಿಗೆ ಊರಿನ ಸದ್ದೇ ಕೇಳದೆ ಭಯ ಕಡಿಮೆಯಾಯಿತು. ಹಿಂದಿನಿಂದ ಬರುವ ಹೆಜ್ಜೆ ಸದ್ದು ಅವರಿಗೆ ಕೇಳಿಸಬೇಕು, ಅದು ಬಾಡಿಗೆಗೆ ಸಿಗುವುದಿಲ್ಲ. ಡಬಲ್ ರೋಡ್ ಫ್ಲೈಓವರಿಗೂ ಒಂದು ಗುಂಪನ್ನು ಒಯ್ದೆ, 2016ರ "ಯೂ ಟರ್ನ್" ಸಿನಿಮಾ ನಡೆಯುವುದು ಅಲ್ಲೇ ಅಲ್ವಾ. ಸಿನಿಮಾ ಪ್ರೇಮಿಗಳಿಗೆ ಖುಷಿಯಾಯಿತು, ಆದರೆ ನಿಲ್ಲಲು ಜಾಗವಿಲ್ಲ, ಗಾಡಿಗಳು ಮೈಮೇಲೇ ಬರುತ್ತವೆ. ಎರಡನೇ ಸಲ ಹೋಗಲಿಲ್ಲ.

ಶ್ರೀರಂಗಪಟ್ಟಣದ ಪ್ರಯೋಗ ಮಾತ್ರ ಮನಸ್ಸಿಗೆ ತುಂಬ ಹತ್ತಿರದ್ದು. ಕಾವೇರಿ ದಡದಲ್ಲಿ ಬ್ರಿಟಿಷ್ ಅಧಿಕಾರಿ ಸ್ಕಾಟ್ ಇದ್ದ ಬಂಗಲೆ, ಬ್ರಿಟಿಷ್ ಸೈನ್ಯದವರ ಗ್ಯಾರಿಸನ್ ಸ್ಮಶಾನ, ಬ್ರಿಟಿಷ್ ಕೈದಿಗಳಿದ್ದ ಕರ್ನಲ್ ಬೇಲಿಯ ಕತ್ತಲೆಕೋಣೆ, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ, ಎಲ್ಲ ನಾಲ್ಕು ಹೆಜ್ಜೆಯಲ್ಲಿ. ಹೆಂಡತಿ ಮಕ್ಕಳು ಕಾಲರಾದಿಂದ ಒಂದೇ ದಿನ ಸತ್ತರು, ಸ್ಕಾಟ್ ಮನೆಯನ್ನು ಇದ್ದ ಹಾಗೇ ಬಿಟ್ಟು ಹೊಳೆಗೆ ಇಳಿದುಬಿಟ್ಟ ಅಂತ ಜನ ಹೇಳುವ ಕಥೆ ಇದೆಯಲ್ಲ, ಅದನ್ನು ಸ್ಮಶಾನದ ಸಣ್ಣ ಸಣ್ಣ ಗೋರಿಗಳನ್ನು ನೋಡಿದ ಮೇಲೆ ಹೇಳಬೇಕು. ಎಳೇ ಮಕ್ಕಳ ಗೋರಿಗಳಿವೆ ಅಲ್ಲಿ. ಆದರೆ ರಾತ್ರಿ ಎಲ್ಲೂ ಒಳಗೆ ಬಿಡುವುದಿಲ್ಲ, ಸಂಜೆಗೇ ಮುಗಿಸಬೇಕು. ಟೆಂಪೋ ಟ್ರಾವೆಲರ್ ಹತ್ತು ಸಾವಿರದ ಹತ್ತಿರ, ಊಟ ಬೇರೆ. ತಲೆಗೆ 1,800 ಇಟ್ಟರೂ ಅಸಲು ಬರಲಿಲ್ಲ. ಮೈಸೂರಿನವರು ಯಾರಾದರೂ ಇದನ್ನು ಹಿಡಿದುಕೊಂಡರೆ ಚೆನ್ನಾಗಿ ನಡೆಯುತ್ತದೆ, ನಾನು ಸಹಾಯಕ್ಕೆ ಸಿದ್ಧ.

ಈಗಿನ ಲೆಕ್ಕ ಹೇಳಿಬಿಡುತ್ತೇನೆ. ಟಿಕೆಟ್ಟು 850. ಗುಂಪು ಹದಿನಾಲ್ಕು ದಾಟಿಸುವುದಿಲ್ಲ, ಅದಕ್ಕಿಂತ ಜಾಸ್ತಿಯಾದರೆ ಹಿಂದಿನ ಸಾಲಿನವರು ಹರಟೆ ಶುರು ಮಾಡುತ್ತಾರೆ. ಇಡ್ಲಿ, ಚಹಾ, ಹಿಂದೆ ನಡೆಯುವ ಒಬ್ಬ ಹುಡುಗನ ಸಂಬಳ ಎಲ್ಲ ಸೇರಿ ರಾತ್ರಿಗೆ 1,800ರಿಂದ 2,000. ತಿಂಗಳಿಗೆ ಖರ್ಚು ಕಳೆದು 35–40 ಸಾವಿರ ಉಳಿಯುತ್ತದೆ. ಮಳೆಗಾಲದಲ್ಲಿ ಅರ್ಧ. ಆ ಹುಡುಗನ ಕೆಲಸ ಹಿಂದೆ ಉಳಿದವರನ್ನು ಕರೆದುಕೊಂಡು ಬರುವುದು. ಅವನು ಇನ್ನೊಂದು ಕೆಲಸವನ್ನೂ ಮಾಡುತ್ತಾನೆ, ಅದನ್ನು ನಡಿಗೆಗೆ ಬಂದು ನೀವೇ ಕಂಡುಹಿಡಿಯಿರಿ. ಈವರೆಗೆ ಯಾರಿಗೂ ಗೊತ್ತಾಗಿಲ್ಲ.

ಕನ್ನಡದ ಬ್ಯಾಚು, ಇಂಗ್ಲಿಷ್ ಬ್ಯಾಚು ಬೇರೆ ಬೇರೆ ಮಾಡಿದ್ದೇನೆ. ಮೊದಲು ಎರಡೂ ಭಾಷೆ ಬೆರೆಸಿ ಹೇಳುತ್ತಿದ್ದಾಗ ಪ್ರತಿ ಕಥೆಗೂ ಎರಡು ಸಲ ಜೀವ ಹೋಗುತ್ತಿತ್ತು. ಕನ್ನಡದ ಬ್ಯಾಚಿಗೆ ಜನ ಬರಲ್ಲ ಅಂತಲೂ ಇದೇ ಬಳಗ ಹೇಳಿತ್ತು. ಈಗ ಮೊದಲು ತುಂಬುವುದು ಅದೇ. ಮುಂದಿನ ಮಾರ್ಚ್ 21ಕ್ಕೆ ಕೋಟೆಯ ಕಥೆಯೊಂದನ್ನೇ ಇಟ್ಟುಕೊಂಡು ಕನ್ನಡದಲ್ಲೇ ಒಂದು ನಡಿಗೆ ಮಾಡುತ್ತಿದ್ದೇನೆ, ಪೇಟೆ ಬಾಗಿಲಿಂದ ಬಿರುಕಿನವರೆಗೆ. ಅವತ್ತು ಈ ಕೆಲಸದಲ್ಲಿರುವವರಿಗೆ ಟಿಕೆಟ್ಟಿಲ್ಲ. ಬಂದು ನೋಡಿ, ಸರಿ ಅನ್ನಿಸದಿದ್ದರೆ ಅಲ್ಲೇ ಹೇಳಿ.